ನೆನಪಿಲ್ಲದವನ ಆತ್ಮಕಥೆ

ನಾವು ಚಿಕ್ಕವರಿದ್ದಾಗ ದಾವಣಗೆರೆಯ ನಮ್ಮ ಕೇರಿಯಲ್ಲಿ ದುಡ್ಡಿಗಿಂತ ಹೆಚ್ಚು ಬೆಲೆಯಿದ್ದ ವಸ್ತು ಅಂದ್ರೆ ರೆಸ್ಲಿಂಗ್ ಟ್ರಂಪ್ ಕಾರ್ಡು. ನೆನಪಿದೆಯಲ್ಲ? ಹೈಟು, ವೇಟು, ಚೆಸ್ಟು, ಬೈಸೆಪ್ಸು, ಆಡಿದ ಫೈಟು, ಗೆದ್ದ ಫೈಟು, ಎಲ್ಲದಕ್ಕಿಂತ ಮೇಲೆ ರ‍್ಯಾಂಕು. ನನಗೆ ಸಿಕ್ಕಿದ್ದು ದೊಡ್ಡಪ್ಪನ ಮಗ ಆಡಿ ಬಿಟ್ಟ ಹಳೇ ಕಟ್ಟು, ಮೂಲೆಗಳೆಲ್ಲ ಮಡಚಿ ಹೋಗಿದ್ದವು. ಅದರಲ್ಲಿ ಒಂದು ಕಾರ್ಡಿನ ಮೇಲೆ ಚರ್ಮದ ಮುಖವಾಡ ಹಾಕಿಕೊಂಡ, ಕೂದಲು ಕೆದರಿದ, ಡೊಳ್ಳುಹೊಟ್ಟೆಯ ಒಬ್ಬ ಮನುಷ್ಯ. ಹೆಸರು ಮ್ಯಾನ್‌ಕೈಂಡ್. ಅವನನ್ನು ನೋಡಿದರೆ ಪೈಲ್ವಾನ ಅಂತ ಯಾರೂ ಹೇಳುತ್ತಿರಲಿಲ್ಲ, ಲಾರಿ ಕ್ಲೀನರ್ ಅಂದರೆ ಒಪ್ಪುತ್ತಿದ್ದರು.

ಮನೆಯಲ್ಲಿ ಇದಕ್ಕೆಲ್ಲ ಒಬ್ಬರೇ ವಿರೋಧಿ. ಅಮ್ಮನ ಅಪ್ಪ, ನಮ್ಮಜ್ಜ. ವಯಸ್ಸಿದ್ದಾಗ ಗರಡಿಯಲ್ಲಿ ಸಾಮು ಮಾಡಿ, ಜಾತ್ರೆ ಕುಸ್ತಿ ಆಡಿದ ಮನುಷ್ಯ. ಎರಡೂ ಕಿವಿ ಮುರಿದು ಮುದುಡಿ, ಒಣಗಿದ ಅಂಜೂರದ ಹಾಗೆ ಗಂಟು ಕಟ್ಟಿದ್ದವು. ಟೆನ್ ಸ್ಪೋರ್ಟ್ಸ್‌ನಲ್ಲಿ ರೆಸ್ಲಿಂಗ್ ಬಂತೂ ಅಂದ್ರೆ ಒಂದೈದು ನಿಮಿಷ ನಿಂತು ನೋಡುತ್ತಿದ್ದರು. ಆಮೇಲೆ "ಲೇ ತಮ್ಮಾ, ಇದು ಕುಸ್ತಿ ಅಲ್ಲಲೇ, ನಾಟ್ಕ" ಅಂತ ಹೇಳಿ ಹೋಗುತ್ತಿದ್ದರು. ನನಗೆ ಅಳುವೇ ಬರುತ್ತಿತ್ತು.

ಹತ್ತು ಹದಿನೈದು ವರ್ಷ ಆದಮೇಲೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಪುಸ್ತಕದಂಗಡಿಯ ಕೆಳಗಿನ ಸಾಲಿನಲ್ಲಿ ಅದೇ ಡೊಳ್ಳುಹೊಟ್ಟೆ ಮನುಷ್ಯನ ಆತ್ಮಕಥೆ ಸಿಕ್ಕಿತು. 'ಹ್ಯಾವ್ ಎ ನೈಸ್ ಡೇ', ಮಿಕ್ ಫೋಲಿ ಬರೆದದ್ದು, 1999ರದ್ದು. ಐನೂರು ಪುಟದ ದಪ್ಪ ಪುಸ್ತಕ. ತಮಾಷೆಗೆ ಅಂತ ತಗೊಂಡೆ. ಎರಡು ವಾರಾಂತ್ಯ ಅದರಲ್ಲೇ ಹೋಯಿತು. ಈ ಪುಸ್ತಕ ಹೇಗೆ ಹುಟ್ಟಿತು, ಜನ ಅದನ್ನು ಹೇಗೆ ತಗೊಂಡರು ಅಂತ ಹುಡುಕುತ್ತಾ ಹೋದರೆ ಅದೇ ಇನ್ನೊಂದು ದೊಡ್ಡ ಕಥೆ. ಅದನ್ನು ಹೇಳೋಣ ಅಂತ ಈ ಬರಹ.

ಮೊದಲು ಅಜ್ಜನ ಮಾತಿನಿಂದಲೇ ಶುರು ಮಾಡುತ್ತೇನೆ. ನಾಟಕ ಹೌದು. ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರುತ್ತದೆ. ಆದರೆ ಅಮೆರಿಕದ ರೆಸ್ಲಿಂಗಿನವರು ಇದನ್ನು ದಶಕಗಟ್ಟಲೆ ಪ್ರಾಣ ಹೋದರೂ ಒಪ್ಪುತ್ತಿರಲಿಲ್ಲ. ಈ ಗುಟ್ಟು ಕಾಯುವುದಕ್ಕೆ ಅವರ ಭಾಷೆಯಲ್ಲಿ 'ಕೇಫೇಬ್' ಅಂತ ಒಂದು ಪದವೇ ಇದೆ. ಖಳನಾಯಕನೂ ನಾಯಕನೂ ಒಂದೇ ಕಾರಿನಲ್ಲಿ ಕೂತು ಪ್ರಯಾಣ ಮಾಡುವ ಹಾಗಿಲ್ಲ, ಒಂದೇ ಹೋಟೆಲಿನಲ್ಲಿ ಊಟ ಮಾಡುವ ಹಾಗಿಲ್ಲ. 1984ರಲ್ಲಿ ಜಾನ್ ಸ್ಟಾಸೆಲ್ ಅನ್ನುವ ಟಿವಿ ವರದಿಗಾರ ಡೇವಿಡ್ ಶುಲ್ಟ್ಸ್ ಅನ್ನುವ ಪೈಲ್ವಾನನ ಎದುರು ನಿಂತು ಇದೆಲ್ಲ ಸುಳ್ಳು ಅನ್ನಿಸುತ್ತದೆ ಅಂದಿದ್ದಕ್ಕೆ ಕ್ಯಾಮೆರಾ ಮುಂದೆಯೇ ಎರಡು ಕಪಾಳಮೋಕ್ಷ ಆಯಿತು. ಹೊಡೆತ ಬಿದ್ದದ್ದು ಕಿವಿಗೆ. ವರದಿಗಾರ ಕೋರ್ಟಿಗೆ ಹೋದ, ಕಂಪನಿ ಲಕ್ಷಗಟ್ಟಲೆ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಆಮೇಲೆ ಐದೇ ವರ್ಷಕ್ಕೆ, 1989ರಲ್ಲಿ, ಅದೇ ಕಂಪನಿ (ಆಗ ಡಬ್ಲ್ಯುಡಬ್ಲ್ಯುಎಫ್, ಈಗಿನ ಡಬ್ಲ್ಯುಡಬ್ಲ್ಯುಇ) ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ತಾನಾಗಿ ಹೋಗಿ, ಸ್ವಾಮಿ ನಮ್ಮದು ಸ್ಪರ್ಧೆ ಅಲ್ಲ, ಮನರಂಜನೆ ಅಂತ ಹೇಳಿಕೊಂಡಿತು! ಯಾಕೆ? ಸ್ಪರ್ಧೆ ಅಂದರೆ ಕ್ರೀಡಾ ಆಯೋಗದ ಲೈಸೆನ್ಸು, ಫೀಸು, ತಪಾಸಣೆ. ಮನರಂಜನೆ ಅಂದರೆ ಅದ್ಯಾವುದೂ ಇಲ್ಲ. ತೆರಿಗೆ ಉಳಿಸೋಕೆ ಸತ್ಯ ಹೇಳಿದವರು ಚರಿತ್ರೆಯಲ್ಲಿ ಇವರೊಬ್ಬರೇ ಇರಬೇಕು :-)

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸೋಕೆ ತಾಳಮದ್ದಳೆ ಒಳ್ಳೆಯ ಉದಾಹರಣೆ. ಕೃಷ್ಣಸಂಧಾನ ಪ್ರಸಂಗದಲ್ಲಿ ಸಂಧಾನ ಮುರಿದು ಬೀಳುತ್ತದೆ ಅಂತ ಸಭೆಗೆಲ್ಲ ಗೊತ್ತು. ಆದರೆ ಅರ್ಥಧಾರಿ ಇವತ್ತು ಯಾವ ಮಾತಿಗೆ ಯಾವ ಮಾತು ಜೋಡಿಸುತ್ತಾನೆ ಅಂತ ಅವನಿಗೂ ಗೊತ್ತಿರುವುದಿಲ್ಲ. ರೆಸ್ಲಿಂಗಿನಲ್ಲೂ ಕೊನೆ ಮಾತ್ರ ನಿಗದಿ. ನಡುವಿನ ಬಹುಪಾಲು ಪಟ್ಟುಗಳನ್ನು ಇಬ್ಬರೂ ರಿಂಗಿನೊಳಗೇ ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟಿಕೊಂಡು ಕಟ್ಟುತ್ತಾರೆ. ಒಂದೇ ವ್ಯತ್ಯಾಸ. ತಾಳಮದ್ದಳೆಯಲ್ಲಿ ಸೋತ ಕೌರವ ಮಾತು ಮುಗಿಸಿ ಎದ್ದು ಚಹಾ ಕುಡಿಯೋಕೆ ಹೋಗುತ್ತಾನೆ. ಇಲ್ಲಿ ಸೋತವನನ್ನು ಎಷ್ಟೋ ಸಲ ಸ್ಟ್ರೆಚರಿನಲ್ಲಿ ಒಯ್ಯಬೇಕಾಗುತ್ತದೆ.

ಫೋಲಿಯ ಕಥೆ ಈ ವ್ಯತ್ಯಾಸದ್ದೇ ಕಥೆ. ಹುಟ್ಟಿದ್ದು 1965, ಬೆಳೆದದ್ದು ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ. ಕಾಲೇಜಿನಲ್ಲಿದ್ದಾಗ, 1983ರ ಅಕ್ಟೋಬರಿನಲ್ಲಿ, ಸಿಕ್ಕ ಸಿಕ್ಕ ಗಾಡಿಗೆ ಕೈ ತೋರಿಸಿ ಲಿಫ್ಟ್ ಕೇಳಿಕೊಂಡು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಹೋಗಿ ರೆಸ್ಲಿಂಗ್ ನೋಡಿದ. ಆ ದಿನ ಜಿಮ್ಮಿ ಸ್ನೂಕಾ ಉಕ್ಕಿನ ಪಂಜರದ ತುದಿಯಿಂದ ಡಾನ್ ಮುರಾಕೋ ಮೇಲೆ ಹಾರಿದ. ಹುಡುಗನ ಹಣೆಬರಹ ಅಲ್ಲೇ ಬರೆದು ಹೋಯಿತು. ಗೆಳೆಯರ ಜೊತೆ ಸೇರಿ ವಿಡಿಯೋ ಕ್ಯಾಮೆರಾ ಮುಂದೆ ಮನೆಯ ಸೂರಿನಿಂದ ಹಾರಿದ. ಆಮೇಲೆ ವಾರಾಂತ್ಯಗಳಲ್ಲಿ ಕಾರು ಓಡಿಸಿಕೊಂಡು ಪೆನ್ಸಿಲ್ವೇನಿಯಾದ ಫ್ರೀಡಮ್ ಅನ್ನುವ ಸಣ್ಣ ಊರಿನಲ್ಲಿ ಡಾಮಿನಿಕ್ ಡಿನೂಚಿ ಅನ್ನುವ ಹಳೇ ಪೈಲ್ವಾನನ ಹತ್ತಿರ ಕಲಿತ. ರಾತ್ರಿ ಕಾರಿನಲ್ಲೇ ನಿದ್ದೆ. ಪುಸ್ತಕದ ಈ ಭಾಗ ನನಗೆ ತುಂಬಾ ಇಷ್ಟ. ಬೆಂಗಳೂರಿಗೆ ಹೊಸದಾಗಿ ಬಂದು ನಾಲ್ಕು ಜನ ಒಂದು ರೂಮಿನಲ್ಲಿ ಮಲಗಿ ಇಂಟರ್‌ವ್ಯೂಗೆ ಅಲೆದವರಿಗೆಲ್ಲ ಇಷ್ಟವಾಗುತ್ತದೆ.

ಅವನ ಮೈ ನೋಡಿ ಯಾರೂ ಕೆಲಸ ಕೊಡುವ ಹಾಗಿರಲಿಲ್ಲ. ಕಟ್ಟುಮಸ್ತು ಅಲ್ಲ, ವೇಗ ಇಲ್ಲ, ರೂಪವಂತೂ ಮೊದಲೇ ಇಲ್ಲ. ಅವನ ಹತ್ತಿರ ಇದ್ದದ್ದು ಒಂದೇ: ಬೇರೆಯವರು ಬೀಳದ ಕಡೆ ಬೀಳುವ ತಯಾರಿ. ಸಿಮೆಂಟಿನ ನೆಲದ ಮೇಲೆ ಬಿದ್ದ. ಜಪಾನಿನ ಕವಾಸಾಕಿ ಸ್ಟೇಡಿಯಮ್ಮಿನಲ್ಲಿ 1995ರಲ್ಲಿ ಮುಳ್ಳುತಂತಿ, ಸಿಡಿಮದ್ದುಗಳ ನಡುವೆ ಆಡಿ, ಫೈನಲ್‌ನಲ್ಲಿ ತಾನು ಆರಾಧಿಸುತ್ತಿದ್ದ ಟೆರಿ ಫಂಕ್‌ನನ್ನು ಸೋಲಿಸಿದ. ಅದಕ್ಕೂ ಮೊದಲು 1994ರ ಮಾರ್ಚಿನಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ವೇಡರ್ ಅನ್ನುವವನ ಜೊತೆ ಆಡುವಾಗ ತಲೆಯನ್ನು ರಿಂಗಿನ ಎರಡು ಹಗ್ಗಗಳ ನಡುವೆ ಸಿಕ್ಕಿಸಿಕೊಂಡು ನೇತಾಡುವ ತನ್ನ ಹಳೇ ಪಟ್ಟು ಹಾಕಿದ. ಆವತ್ತು ಹಗ್ಗ ಸಿಕ್ಕಾಪಟ್ಟೆ ಬಿಗಿಯಾಗಿತ್ತು. ತಲೆ ಎಳೆದುಕೊಂಡ ರಭಸಕ್ಕೆ ಬಲಗಿವಿ ಕಿತ್ತು, ಸ್ವಲ್ಪ ಹೊತ್ತಿನಲ್ಲಿ ಉದುರಿಯೇ ಹೋಯಿತು. ರೆಫರಿ ಅದನ್ನು ನೆಲದಿಂದ ಎತ್ತಿಕೊಂಡ. ಆಟ ಮುಂದುವರೆಯಿತು! ಅವತ್ತಿನಿಂದ ಫೋಲಿಗೆ ಒಂದೂ ಚಿಲ್ಲರೆ ಕಿವಿ ಅನ್ನಿ.

ಓದುವಾಗ ನನಗೆ ಹೆಚ್ಚು ತಟ್ಟಿದ್ದು ಕಿವಿ ಹೋದದ್ದಲ್ಲ. ಆಗ ಅವನು ಕೆಲಸ ಮಾಡುತ್ತಿದ್ದ ಡಬ್ಲ್ಯುಸಿಡಬ್ಲ್ಯು ಕಂಪನಿ ಆ ಕಿವಿಯನ್ನು ಕಥೆಯೊಳಗೆ ಬಳಸಲಿಲ್ಲ ಅನ್ನೋದೇ ಅವನ ದೊಡ್ಡ ಕೊರಗು! ಮೈಯ ಒಂದು ತುಂಡನ್ನೇ ಕಥೆಗೆ ಕೊಟ್ಟಿದ್ದೇನೆ, ಬರೆಯುವವರಿಗೆ ಅದು ಬೇಡವಾಯಿತಲ್ಲ ಅನ್ನುವ ಸಂಕಟ. ನಗಬೇಕೋ ಅಳಬೇಕೋ ಗೊತ್ತಾಗದೆ ಆ ಪುಟದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೆಲಸಕ್ಕೆ ಮನುಷ್ಯ ಎಷ್ಟು ಒಗ್ಗಿಕೊಂಡುಬಿಡುತ್ತಾನೆ ನೋಡಿ.

1996ರಲ್ಲಿ ಡಬ್ಲ್ಯುಡಬ್ಲ್ಯುಎಫ್‌ಗೆ ಬಂದು ಮುಖವಾಡದ ಮ್ಯಾನ್‌ಕೈಂಡ್ ಆದ. ಎರಡು ವರ್ಷಕ್ಕೆ, 1998ರ ಜೂನ್ 28ಕ್ಕೆ, ಪಿಟ್ಸ್‌ಬರ್ಗ್‌ನಲ್ಲಿ ಆ ಪ್ರಸಿದ್ಧ ಪಂದ್ಯ. ಅಂಡರ್‌ಟೇಕರ್ ವಿರುದ್ಧ 'ಹೆಲ್ ಇನ್ ಎ ಸೆಲ್'. ರಿಂಗಿನ ಸುತ್ತ 16 ಅಡಿ ಎತ್ತರದ, ಚಾವಣಿಯಿರುವ ಜಾಲರಿ ಪಂಜರ. ಆ ಚಾವಣಿಯಿಂದ ಅಂಡರ್‌ಟೇಕರ್ ಇವನನ್ನು ಕೆಳಗೆ ಎಸೆದ, ಕಾಮೆಂಟರಿ ಮೇಜಿನ ಮೇಲೆ ಬಿದ್ದ. ಸ್ಟ್ರೆಚರ್ ಬಂತು. ಅರ್ಧ ದಾರಿಯಲ್ಲಿ ಸ್ಟ್ರೆಚರಿನಿಂದ ಎದ್ದು ಮತ್ತೆ ಪಂಜರ ಹತ್ತಿದ. ಈ ಸಲ ಚಾವಣಿಯ ಜಾಲರಿಯೇ ಕಿತ್ತು ಬಂದು ನೇರ ರಿಂಗಿನೊಳಗೆ ಬಿದ್ದ. ಮೊದಲನೆಯದು ಯೋಚಿಸಿಟ್ಟದ್ದು, ಎರಡನೆಯದು ಯಾರೂ ಬಯಸದ್ದು. ಜೊತೆಗೇ ಮೇಲಿನಿಂದ ಒಂದು ಕುರ್ಚಿ ಬಂದು ಮುಖಕ್ಕೆ ಬಡಿಯಿತು. ಹಲ್ಲು ಮುರಿದು ಅದರ ಚೂರು ಮೂಗಿನೊಳಗೆ ಸೇರಿತು. ಅಷ್ಟಾದರೂ ಎದ್ದು, ರಿಂಗಿನ ತುಂಬ ಡ್ರಾಯಿಂಗ್ ಪಿನ್ನು ಚೆಲ್ಲಿ, ಅದರ ಮೇಲೂ ಬಿದ್ದ.

ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಈ ವಿಡಿಯೋವನ್ನು ನಾವು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಪರೀಕ್ಷೆ ಹಿಂದಿನ ರಾತ್ರಿ ಯಾರಾದರೂ ಹಾಕುತ್ತಿದ್ದರು, ಎಲ್ಲರೂ ನಗುತ್ತಿದ್ದೆವು. ಸಪ್ಲಿಮೆಂಟರಿ ಬಂದವನಿಗೆ "ಮ್ಯಾನ್‌ಕೈಂಡ್ ತರ ಬಿದ್ದೆ ಮಗಾ" ಅನ್ನೋದು ನಮ್ಮ ಬ್ಯಾಚಿನ ಡೈಲಾಗು.

ಪುಸ್ತಕದಲ್ಲಿ ಆ ಅಧ್ಯಾಯಕ್ಕೆ ಬಂದಾಗ ನಗು ನಿಂತಿತು. ಯಾಕೆಂದರೆ ಆ ಪಂದ್ಯ ಅವನಿಗೆ ಸರಿಯಾಗಿ ನೆನಪೇ ಇಲ್ಲ. ಕ್ಯಾಸೆಟ್ ಹಾಕಿ ನೋಡಿಕೊಂಡು ಬರೆಯಬೇಕಾಯಿತು. ಪಂದ್ಯ ಮುಗಿದು ಒಳಗೆ ಬಂದಮೇಲೆ, ಪಿನ್ನು ಬಳಸಿದೆವಾ ಅಂತ ಅಂಡರ್‌ಟೇಕರ್‌ನನ್ನೇ ಕೇಳಿದನಂತೆ. ಕೈ ನೋಡಿಕೋ ಅಂದನಂತೆ ಆತ. ಕೈ ತುಂಬ ಪಿನ್ನು ಚುಚ್ಚಿಕೊಂಡಿದ್ದವು.

ನಮ್ಮ ಕೆಲಸದಲ್ಲಿ ಒಂದು ಮಾತಿದೆ. ಸರ್ವರ್ ಬಿದ್ದರೆ ಬಿದ್ದ ಗಳಿಗೆಯ ಲಾಗ್ ಆ ಸರ್ವರ್‌ನಲ್ಲಿ ಹುಡುಕಬೇಡ, ಬರೆಯಬೇಕಾದವನೇ ಬಿದ್ದಿರುತ್ತಾನೆ. ಪಕ್ಕದ ಮಷೀನಿನ ಲಾಗ್ ನೋಡು. ಫೋಲಿ ಮಾಡಿದ್ದು ಅದನ್ನೇ. ಇಡೀ ಲೋಕ ನೆನಪಿಟ್ಟುಕೊಂಡ ತನ್ನ ಬದುಕಿನ ಇಪ್ಪತ್ತು ನಿಮಿಷವನ್ನು ಅವನು ನಮ್ಮ ಹಾಗೇ ಟಿವಿಯಲ್ಲಿ ನೋಡಿದ. ಆತ್ಮಕಥೆಯ ನಟ್ಟನಡುವೆ ಒಂದು ತೂತು. ಆ ತೂತು ಇದೆ ಅಂತ ಮುಚ್ಚುಮರೆಯಿಲ್ಲದೆ ಹೇಳಿದ್ದರಿಂದಲೇ ನನಗೆ ಉಳಿದ ಪುಟಗಳ ಮೇಲೆ ನಂಬಿಕೆ ಬಂದದ್ದು.

ಈಗ ಪುಸ್ತಕ ಹುಟ್ಟಿದ ಕಥೆ. 1999 ಅಂದರೆ ಅಮೆರಿಕದಲ್ಲಿ ರೆಸ್ಲಿಂಗಿನ ಸುಗ್ಗಿ. ಆ ವರ್ಷ ಜನವರಿ 4ಕ್ಕೆ ಫೋಲಿ ಚಾಂಪಿಯನ್ ಆದದ್ದು ಟಿವಿಯಲ್ಲಿ ಬಂತು. ಅದು ಮೊದಲೇ ಚಿತ್ರೀಕರಿಸಿದ ಪಂದ್ಯ. ಎದುರು ಚಾನೆಲ್ಲಿನ ಡಬ್ಲ್ಯುಸಿಡಬ್ಲ್ಯುನವರು ತಮ್ಮ ಕಾರ್ಯಕ್ರಮದಲ್ಲಿ, ಅಲ್ಲಿ ಇವತ್ತು ಫೋಲಿ ಗೆಲ್ಲುತ್ತಾನೆ ಅಂತ ಬಾಯಿಬಿಟ್ಟು ಗೇಲಿ ಮಾಡಿದರು. ಅದನ್ನು ಕೇಳಿದ ಲಕ್ಷಾಂತರ ಜನ, ಹೌದಾ ಅಂತ ಚಾನೆಲ್ ಬದಲಿಸಿ ಫೋಲಿ ಗೆಲ್ಲೋದನ್ನು ನೋಡೋಕೆ ಹೋದರು! ಅದೇ ತಿಂಗಳು ಹಳೇ ಪೈಲ್ವಾನ ಜೆಸ್ಸಿ ವೆಂಚುರಾ ಮಿನೆಸೋಟ ರಾಜ್ಯದ ಗವರ್ನರ್ ಆಗಿ ಪ್ರಮಾಣವಚನ ತಗೊಂಡ, ಅವನ ಪುಸ್ತಕವೂ ಆ ವರ್ಷ ಬಂತು. ಪ್ರಕಾಶಕರಿಗೆ ವಾಸನೆ ಹತ್ತದೆ ಇರುತ್ತದೆಯೇ? ಹಾರ್ಪರ್‌ಕಾಲಿನ್ಸ್‌ನ ರೀಗನ್ ಬುಕ್ಸ್‌ನಿಂದ ಫೋಲಿಯ ಆತ್ಮಕಥೆ ತರುವುದು ಅಂತಾಯಿತು. ವಾಡಿಕೆಯಂತೆ ಒಬ್ಬ ಬಾಡಿಗೆ ಬರಹಗಾರನನ್ನು ಕೊಟ್ಟರು. ಪೈಲ್ವಾನ ಹೇಳಬೇಕು, ಅವನು ಬರೆಯಬೇಕು.

ಅವನು ಬರೆದು ತಂದ ಪುಟಗಳು ಫೋಲಿಗೆ ಹಿಡಿಸಲಿಲ್ಲ. ಅದರಲ್ಲಿ ತನ್ನ ದನಿ ಇಲ್ಲ ಅನ್ನಿಸಿತು. ನಾನೇ ಬರೆಯುತ್ತೇನೆ ಅಂದ. ಟೈಪಿಂಗ್ ಬರುತ್ತಿರಲಿಲ್ಲ, ಕಂಪ್ಯೂಟರ್ ಅಭ್ಯಾಸ ಇರಲಿಲ್ಲ. ನೋಟ್‌ಬುಕ್ ಹಾಳೆಗಳಲ್ಲಿ ಪೆನ್ನು ಹಿಡಿದು, ವಿಮಾನದಲ್ಲಿ, ಹೋಟೆಲ್ ರೂಮಿನಲ್ಲಿ, ಪಂದ್ಯದ ಹಿಂದೆ ಮುಂದೆ, ಏಳುನೂರಕ್ಕೂ ಹೆಚ್ಚು ಪುಟ ಕೈಯಲ್ಲೇ ಬರೆದ. ಆ ಬೇಸಿಗೆಯೊಳಗೇ ಬರವಣಿಗೆ ಮುಗಿಯಿತು, ಅಕ್ಟೋಬರಿನಲ್ಲಿ ಪುಸ್ತಕ ಹೊರಬಂತು. ಉಪಶೀರ್ಷಿಕೆಯಲ್ಲಿ ರಕ್ತದ ಜೊತೆ ಕಾಲುಚೀಲವೂ ಇದೆ. ಅದು ಸಾಕೋ ಮಹಾಶಯನಿಗೆ ಸಲ್ಲಬೇಕಾದ ಗೌರವ. ಕೊಳಕು ಕಾಲುಚೀಲಕ್ಕೆ ಕಣ್ಣು ಮೂಗು ಬರೆದು ಕೈಗೆ ತೊಟ್ಟುಕೊಂಡು ಎದುರಾಳಿಯ ಬಾಯಿಗೆ ತುರುಕುವ ಪಟ್ಟು. 1998ರಲ್ಲಿ ಒಂದು ಹಾಸ್ಯದ ಸೀನಿಗೆ ಅಂತ ಹುಟ್ಟಿದ್ದು, ಆಮೇಲೆ ಸ್ಟೇಡಿಯಂ ತುಂಬ ಜನ ಕಾಲುಚೀಲ ಹಿಡಿದುಕೊಂಡು ಬರುವ ಹಾಗಾಯಿತು.

ಪುಸ್ತಕ ನ್ಯೂಯಾರ್ಕ್ ಟೈಮ್ಸ್‌ನ ಬೆಸ್ಟ್‌ಸೆಲ್ಲರ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಕಥೆ ಕಾದಂಬರಿ ವಿಭಾಗದಲ್ಲಿ ಅಲ್ಲ ಸ್ವಾಮಿ, ನಿಜ ಸಂಗತಿಗಳ ವಿಭಾಗದಲ್ಲಿ! ಜೀವನವಿಡೀ ಸುಳ್ಳುಗಾರರು ಅಂತ ಕರೆಸಿಕೊಂಡವರ ಪೈಕಿ ಒಬ್ಬ.

ಇದು ಹೇಗಾಯಿತು? ಕಂಪನಿಯ ಜಾಹೀರಾತು ಖಂಡಿತ ಕೆಲಸ ಮಾಡಿತು. ಆಗ ರಾಕ್ ಮತ್ತು ಮ್ಯಾನ್‌ಕೈಂಡ್ ಜೋಡಿ. ಕಥೆಯೊಳಗೇ ಪುಸ್ತಕವನ್ನು ಎಳೆದು ತಂದರು: ಮ್ಯಾನ್‌ಕೈಂಡ್ ಪ್ರೀತಿಯಿಂದ ಸಹಿ ಮಾಡಿ ಕೊಟ್ಟ ಪ್ರತಿ ಕಸದ ಬುಟ್ಟಿಯಲ್ಲಿ ಸಿಗುತ್ತದೆ, ಎಸೆದವನು ರಾಕ್ ಅಂತ ಇವನ ಮನಸ್ಸು ಒಡೆಯುತ್ತದೆ, ಕೊನೆಗೆ ಎಸೆದವನು ಆಲ್ ಸ್ನೋ ಅಂತ ಬಯಲಾಗುತ್ತದೆ. ಪುಸ್ತಕ ಬಿಡುಗಡೆಗೆ ಇಂಥ ಪ್ರಚಾರ ನಮ್ಮ ಲೇಖಕರಿಗೆ ಕನಸಿನಲ್ಲೂ ಸಿಗಲಿಕ್ಕಿಲ್ಲ. ಆದರೆ ಟಿವಿಯಲ್ಲಿ ತೋರಿಸಿದ ಮಾತ್ರಕ್ಕೆ ಐನೂರು ಪುಟವನ್ನು ಯಾರೂ ಓದಿ ಮುಗಿಸುವುದಿಲ್ಲ. ಓದಿಸಿದ್ದು ಅವನ ದನಿ. ಬಾರಿನಲ್ಲಿ ಪಕ್ಕದಲ್ಲಿ ಕೂತು ಹೇಳುವ ಹಾಗೆ ಹೇಳುತ್ತಾನೆ, ಮೊದಲು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಾನೆ, ಗುಟ್ಟುಗಳನ್ನು ಬಿಚ್ಚುವಾಗ ದೊಡ್ಡ ರಹಸ್ಯ ಹೇಳುತ್ತಿದ್ದೇನೆ ಅನ್ನುವ ಗತ್ತಿಲ್ಲ. ನೋಡುಗರು ದಡ್ಡರಲ್ಲ, ಅವರಿಗೆ ಎಲ್ಲ ಗೊತ್ತು ಅಂತ ಒಪ್ಪಿಕೊಂಡೇ ಬರೆದ. ಅದು ಜನರಿಗೆ ಹಿತವಾಯಿತು. ರೆಸ್ಲಿಂಗ್ ನೋಡುವವರು ಪುಸ್ತಕ ಓದುವುದಿಲ್ಲ ಅಂತ ನಂಬಿದ್ದವರು ಬಾಯಿ ಮುಚ್ಚಿಕೊಳ್ಳಬೇಕಾಯಿತು.

ಪುಸ್ತಕದಲ್ಲಿ ಕುಂದಿಲ್ಲ ಅಂತಲ್ಲ. ಕತ್ತರಿ ಆಡಿಸಿದ್ದರೆ ನೂರು ಪುಟ ಕಮ್ಮಿ ಆಗುತ್ತಿತ್ತು. ಆಲ್ ಸ್ನೋ ಮೇಲಿನ ಜೋಕುಗಳು ಹತ್ತನೆಯದರ ಹೊತ್ತಿಗೆ ಸಾಕು ಅನ್ನಿಸುತ್ತವೆ. ಹೆಂಗಸರ ಬಗ್ಗೆ ಕೆಲವು ತಮಾಷೆಗಳು ಆ ಕಾಲದವು, ಈಗ ಓದುವಾಗ ಮುಖ ಕಿವುಚುವಂತಾಗುತ್ತದೆ. ಆದರೂ ಕೈಬರಹದ ಬಿಸಿ ಕೊನೆಯವರೆಗೂ ಆರುವುದಿಲ್ಲ.

ಇವನ ಹಿಂದೆ ಒಂದು ಸಂತೆಯೇ ಶುರುವಾಯಿತು. 2000ದಲ್ಲಿ ರಾಕ್ ಪುಸ್ತಕ, ಅದೂ ಒಂದನೇ ಸ್ಥಾನ. 2001ರಲ್ಲಿ ಚೈನಾ ಅನ್ನುವ ಹೆಣ್ಣು ಪೈಲ್ವಾನಳದ್ದು. ಅದೇ ವರ್ಷ ಫೋಲಿಯ ಎರಡನೇ ಭಾಗ 'ಫೋಲಿ ಈಸ್ ಗುಡ್', ಮತ್ತೆ ಒಂದನೇ ಸ್ಥಾನ. ಇವುಗಳಲ್ಲಿ ಸುಮಾರಿನವು ಬೇರೆಯವರ ಕೈಯಲ್ಲಿ ಬರೆಸಿದವು, ಓದಿದರೆ ಗೊತ್ತಾಗುತ್ತದೆ. ಫೋಲಿಯ ಎರಡನೇ ಪುಸ್ತಕದಲ್ಲಿ ನನಗೆ ಕುತೂಹಲ ಅನ್ನಿಸಿದ್ದು ಕೊನೆಯ ಭಾಗ. ರೆಸ್ಲಿಂಗ್ ನೋಡಿ ಮಕ್ಕಳು ಹಾಳಾಗುತ್ತಾರೆ ಅನ್ನುವ ಪೋಷಕರ ಸಂಘಟನೆಯ ವಾದ, ಇಂಡಿಯಾನಾ ವಿಶ್ವವಿದ್ಯಾಲಯದವರು ಎಪಿಸೋಡುಗಳನ್ನು ನೋಡಿ ನೋಡಿ ಎಣಿಸಿದ ಅಧ್ಯಯನ, ಇವನ್ನೆಲ್ಲ ಇಟ್ಟುಕೊಂಡು ವಕೀಲನ ಹಾಗೆ ವಾದಕ್ಕೆ ಇಳಿಯುತ್ತಾನೆ. ಎಲ್ಲ ವಾದವನ್ನೂ ಒಪ್ಪುವುದು ಕಷ್ಟ. (ನಾನೇ ಎಂಟನೇ ವಯಸ್ಸಿನಲ್ಲಿ ಮಂಚದಿಂದ ಹಾರಿ ಚಿಕ್ಕಪ್ಪನ ಮಗನ ಕಾಲರ್ ಬೋನ್ ಮುರಿದವನು. ಅವನಿಗೆ ಈಗಲೂ ಮಳೆಗಾಲದಲ್ಲಿ ನೋಯುತ್ತದಂತೆ, ಪ್ರತಿ ವರ್ಷ ಫೋನ್ ಮಾಡಿ ನೆನಪಿಸುತ್ತಾನೆ.) ಆಮೇಲೆ 2003ರಲ್ಲಿ ಫೋಲಿಯ ಕಾದಂಬರಿಯೊಂದನ್ನು ಕ್ನಾಫ್ ಸಂಸ್ಥೆ ತಂದಿತು. ಅಮೆರಿಕದ ಸಾಹಿತ್ಯದಲ್ಲಿ ಅದು ದೊಡ್ಡ ಮನೆ. ಮುಖವಾಡದ ಪೈಲ್ವಾನ ಆ ಮನೆಯ ಬಾಗಿಲವರೆಗೂ ಹೋಗಿ ಬಂದ.

ಓದುಗರು ಮೆಚ್ಚಿದರು ಸರಿ, ಜೊತೆಗೆ ಕೆಲಸ ಮಾಡಿದವರು? ಅಲ್ಲಿ ಬೇರೆ ಕಥೆ. ರಿಕ್ ಫ್ಲೇರ್ ಅಂದರೆ ಅಮೆರಿಕನ್ ರೆಸ್ಲಿಂಗಿನ ರಾಜಕುಮಾರರಂಥವನು. ಫೋಲಿ ತನ್ನ ಪುಸ್ತಕದಲ್ಲಿ ಆತನನ್ನು ಆಟಗಾರನಾಗಿ ಹೊಗಳಿ, ಯಾರು ಗೆಲ್ಲಬೇಕು ಅಂತ ನಿರ್ಧರಿಸುವ ಕುರ್ಚಿಯಲ್ಲಿ ಕೂತಾಗ ಅಷ್ಟೇ ಕೆಟ್ಟವನು ಅಂತ ಬರೆದಿದ್ದ. ಫ್ಲೇರ್ 2004ರಲ್ಲಿ ತನ್ನ ಆತ್ಮಕಥೆ ತಂದ. ಅದರಲ್ಲಿ, ಫೋಲಿ ಕುಸ್ತಿಪಟುವೇ ಅಲ್ಲ, ಸ್ಟಂಟ್ ಮಾಡುವವನು ಅಷ್ಟೇ ಅನ್ನುವ ಅರ್ಥದ ಮಾತು ಬರೆದ. ಆತ್ಮಕಥೆಗೆ ಆತ್ಮಕಥೆಯಲ್ಲೇ ವಿಮರ್ಶೆ! ಇಬ್ಬರಿಗೂ ನಿಜವಾಗಿಯೇ ಮನಸ್ತಾಪ ಆಯಿತು. ಮುಂದಿನದು ಈ ಉದ್ಯಮದಲ್ಲಿ ಮಾತ್ರ ಸಾಧ್ಯ: 2006ರಲ್ಲಿ ಕಂಪನಿ ಈ ನಿಜ ಜಗಳವನ್ನೇ ಕಥೆ ಮಾಡಿ ಟಿವಿಯಲ್ಲಿ ಓಡಿಸಿತು. ಆ ವರ್ಷದ ಸಮ್ಮರ್‌ಸ್ಲ್ಯಾಮ್‌ನಲ್ಲಿ ಮುಳ್ಳುತಂತಿ ಎಲ್ಲ ಬಳಸಿ ಆಡಿ ಫ್ಲೇರ್ ಗೆದ್ದ. ಯಾರು ಗೆಲ್ಲಬೇಕು ಅಂತ ಬರೆದವರು ಯಾರೋ ಮೂರನೆಯವರು.

ಆದರೆ ಫ್ಲೇರ್ ಮಾತಿನ ಹಿಂದೆ ಹುರುಳಿತ್ತು ಅಂತ ನನ್ನ ಅಭಿಪ್ರಾಯ. ಅವನ ಕಾಲದವರ ಪ್ರಕಾರ ಈ ಕಲೆಯ ಜಾಣತನ ಇರೋದು ನೋವಾಗದ ಹಾಗೆ ನೋವು ತೋರಿಸುವುದರಲ್ಲಿ. ನಿಜವಾಗಿ ಬಿದ್ದು ತೋರಿಸುವುದರಲ್ಲಿ ಕಲೆ ಎಲ್ಲಿ ಬಂತು ಅಂತ ಅವರ ಪ್ರಶ್ನೆ. ಅದಕ್ಕೆ ಫೋಲಿ ಹತ್ತಿರ ಪೂರ್ತಿ ಉತ್ತರ ಇತ್ತು ಅಂತ ನನಗನ್ನಿಸುವುದಿಲ್ಲ. ಅವನಿಗೇ ಆ ಪ್ರಶ್ನೆ ಎದುರಾದದ್ದು 1999ರ ಜನವರಿ 24ರಂದು. ರಾಕ್ ವಿರುದ್ಧ ಪಂದ್ಯ. ಕೈಗಳನ್ನು ಬೆನ್ನ ಹಿಂದೆ ಬೇಡಿ ಹಾಕಿ ಕಟ್ಟಿದೆ, ಅಂದರೆ ತಲೆಗೆ ಅಡ್ಡ ಕೈ ತರುವ ಹಾಗಿಲ್ಲ. ಸ್ಟೀಲ್ ಕುರ್ಚಿಯಲ್ಲಿ ತಲೆಗೆ ಹನ್ನೊಂದು ಏಟು. ಮೊದಲ ಸಾಲಿನಲ್ಲಿ ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ಮಕ್ಕಳಿಗೆ ಮೊದಲೇ ಹೇಳಿತ್ತು, ಅಪ್ಪನಿಗೆ ಏನೂ ಆಗುವುದಿಲ್ಲ ಅಂತ. ಆದರೂ ಕಿರುಚಿ ಅತ್ತವು. ಬ್ಯಾರಿ ಬ್ಲೌಸ್ಟೀನ್‌ನ 'ಬಿಯಾಂಡ್ ದ ಮ್ಯಾಟ್' ಸಾಕ್ಷ್ಯಚಿತ್ರದಲ್ಲಿ ಆ ಮುಖಗಳು ಇವೆ. ನಂತರ ಅದನ್ನು ಫೋಲಿಗೆ ತೋರಿಸುತ್ತಾರೆ. ನೋಡುತ್ತಾ ನೋಡುತ್ತಾ ಅವನ ಮುಖ ಇಳಿದು ಹೋಗುತ್ತದೆ. ನೀವು ಪುಸ್ತಕ ಓದದಿದ್ದರೂ ಪರವಾಗಿಲ್ಲ, ಆ ಒಂದು ದೃಶ್ಯ ನೋಡಿ.

ಆ ಪಂದ್ಯದ ಕೊನೆಯಲ್ಲಿ ಫೋಲಿ ಸೋತೆ ಅಂತ ಕೂಗಿದ ದನಿ ಕೇಳಿಸುತ್ತದೆ. ಅದು ಹಿಂದಿನ ಸಂದರ್ಶನದಿಂದ ಎತ್ತಿ ಹಾಕಿದ ರೆಕಾರ್ಡಿಂಗ್. ಕಥೆಯ ಪ್ರಕಾರ ಅವನು ಬಿಟ್ಟುಕೊಡಲೇ ಇಲ್ಲ. ಎಂಥ ವ್ಯವಹಾರ ನೋಡಿ, ದನಿ ಸುಳ್ಳು, ಏಟು ನಿಜ.

ಪುಸ್ತಕ ಬಂದ 1999ರಲ್ಲಿ ಜನ ಇದನ್ನೆಲ್ಲ ಸಾಹಸದ ಕಥೆಯಾಗಿ ಓದಿದರು. ಆಮೇಲೆ ಕಾಲ ಬದಲಾಯಿತು. ಹಾರ್ವರ್ಡ್‌ನಲ್ಲಿ ಓದಿ ರೆಸ್ಲಿಂಗಿಗೆ ಬಂದಿದ್ದ ಕ್ರಿಸ್ ನೊವಿನ್ಸ್‌ಕಿ 2003ರಲ್ಲಿ ತಲೆಗೆ ಪೆಟ್ಟಾಗಿ ಆಟ ಬಿಡಬೇಕಾಯಿತು. ತಲೆಪೆಟ್ಟುಗಳ ಬಗ್ಗೆ 2006ರಲ್ಲಿ ಪುಸ್ತಕ ಬರೆದ. 2007ರ ಜೂನ್‌ನಲ್ಲಿ ಕ್ರಿಸ್ ಬೆನ್ವಾ ಹೆಂಡತಿಯನ್ನೂ ಏಳು ವರ್ಷದ ಮಗನನ್ನೂ ಕೊಂದು ತಾನೂ ಸತ್ತ. ಅವನ ಮಿದುಳನ್ನು ಪರೀಕ್ಷಿಸಿದ ವೈದ್ಯರು ಪದೇ ಪದೇ ಪೆಟ್ಟು ಬಿದ್ದು ಆದ ತೀವ್ರ ಹಾನಿ ಇದೆ ಅಂದರು. ಆ ಘೋರಕ್ಕೆ ಅದೊಂದೇ ಕಾರಣ ಅಂತ ಹೇಳಲಾಗದು, ಆದರೆ ಕುರ್ಚಿ ಏಟನ್ನು ಯಾರೂ ಮೊದಲಿನ ಹಾಗೆ ನೋಡುವುದು ಸಾಧ್ಯವಾಗಲಿಲ್ಲ. 2010ರಲ್ಲಿ ಡಬ್ಲ್ಯುಡಬ್ಲ್ಯುಇ ತಲೆಗೆ ಕುರ್ಚಿಯಿಂದ ಹೊಡೆಯುವುದನ್ನು ನಿಷೇಧಿಸಿತು. 2012ರಲ್ಲಿ ಫೋಲಿ ಮತ್ತೊಮ್ಮೆ ಆಡಲು ಹೊರಟಾಗ ಡಾಕ್ಟರುಗಳು ಒಪ್ಪಿಗೆ ಕೊಡಲಿಲ್ಲ.

ಇದೆಲ್ಲ ಗೊತ್ತಿದ್ದು ಈಗ ಆ ಪುಸ್ತಕ ಓದಿದರೆ ಅದು ಬೇರೆಯೇ ಪುಸ್ತಕ. ಜೋಕು ಅದೇ, ಸಾಲು ಅದೇ. ಕ್ಯಾಸೆಟ್ ಹಾಕಿಕೊಂಡು ಬರೆದೆ ಅನ್ನುವ ಮಾತು 1999ರಲ್ಲಿ ತಮಾಷೆಯಾಗಿ ಕೇಳಿರಬೇಕು. ಈಗ ಅದು ರೋಗಿ ತನ್ನ ರೋಗಲಕ್ಷಣವನ್ನು ತಾನೇ ನಗುತ್ತಾ ಹೇಳಿದ ಹಾಗೆ ಕೇಳುತ್ತದೆ.

ಇದರ ಪಕ್ಕದಲ್ಲಿ ಇಟ್ಟು ಓದಬೇಕಾದ ಇನ್ನೊಂದು ಪುಸ್ತಕ ಅಂದರೆ ಬ್ರೆಟ್ ಹಾರ್ಟ್‌ನ 'ಹಿಟ್‌ಮ್ಯಾನ್', 2007ರದ್ದು. ಟ್ರಂಪ್ ಕಾರ್ಡಿನಲ್ಲಿ ಗುಲಾಬಿ ಕಪ್ಪು ಬಟ್ಟೆಯವನು. ಅವನು ವರ್ಷಗಟ್ಟಲೆ ಊರೂರು ಸುತ್ತುವಾಗ ಚಿಕ್ಕ ಟೇಪ್ ರೆಕಾರ್ಡರಿನಲ್ಲಿ ತನ್ನ ದಿನಚರಿಯನ್ನು ಮಾತಾಡಿ ಇಟ್ಟಿದ್ದ. 1999ರ ಡಿಸೆಂಬರಿನಲ್ಲಿ ಗೋಲ್ಡ್‌ಬರ್ಗ್ ಒದೆತಕ್ಕೆ ತಲೆಪೆಟ್ಟಾಗಿ ಅವನ ಆಟ ಮುಗಿಯಿತು, 2002ರಲ್ಲಿ ಪಾರ್ಶ್ವವಾಯು ಬೇರೆ. ಆದರೆ ಟೇಪುಗಳು ಇದ್ದವು. ಅವುಗಳಿಂದ ಪುಸ್ತಕ ಕಟ್ಟಿದ. ಫೋಲಿಯಷ್ಟು ನಗಿಸುವುದಿಲ್ಲ, ಕೆಲವು ಕಡೆ ಸಿಟ್ಟು ಜಾಸ್ತಿ. ಆದರೆ ಇಬ್ಬರೂ ತಮ್ಮ ಬದುಕನ್ನು ಯಂತ್ರದಿಂದ ವಾಪಸ್ಸು ಪಡೆದವರು ಅನ್ನೋದು ನನ್ನ ತಲೆಯಿಂದ ಹೋಗುತ್ತಿಲ್ಲ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಪುಸ್ತಕ ಬ್ಯಾಗಿನಲ್ಲಿತ್ತು. ಅಜ್ಜನಿಗೆ ಈಗ ಎಂಬತ್ತು ದಾಟಿದೆ, ಜಗಲಿ ಬಿಟ್ಟು ಹೆಚ್ಚು ಓಡಾಡುವುದಿಲ್ಲ. ಮೊಬೈಲಿನಲ್ಲಿ ಫೋಲಿಯ ಫೋಟೋ ದೊಡ್ಡದು ಮಾಡಿ, ಇಲ್ಲದ ಕಿವಿ ತೋರಿಸಿದೆ. ಕಥೆ ಎಲ್ಲ ಹೇಳಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

"ಇದೂ ನಾಟ್ಕನಾ?"

"ಇಲ್ಲಜ್ಜ. ಇದು ನಿಜಾನೇ ಹೋಗಿದ್ದು."

"ಮತ್ತೆ ಆವತ್ತು ಗೆದ್ದೋನು ಯಾರಲೇ?"

"ಅದು ಮೊದ್ಲೇ ಬರೆದಿಟ್ಟಿತ್ತಲ್ಲಜ್ಜ."

ಅಜ್ಜ ಮೊಬೈಲ್ ವಾಪಸ್ಸು ಕೊಟ್ಟು ತಮ್ಮ ಗಂಟು ಕಟ್ಟಿದ ಕಿವಿಯನ್ನು ಬೆರಳಲ್ಲಿ ಒಮ್ಮೆ ತಿಕ್ಕಿಕೊಂಡರು. "ಪಾಪ, ಎಷ್ಟ್ ಮಕ್ಳು ಅವ್ನಿಗೆ?" ಅಂದರು. ನಾಲ್ಕು ಅಂದೆ. "ಬೇವು ಬೆಲ್ಲ ತಿಂದ್ಯಾ ನೀನು? ಹೋಗು, ನಿಮ್ಮಮ್ಮ ಕರೀತಾಳೆ" ಅಂದು ಗೋಡೆಗೆ ಒರಗಿ ಕಣ್ಣು ಮುಚ್ಚಿದರು.